ಭಾವನ ದನದ ವ್ಯಾಗನ್

ನಮ್ಮ ಭಾವನಿಗೆ ಚಿಕ್ಕಂದಿನಿಂದ ದನ ಕಂಡರಾಗದು. ತಿಪಟೂರಲ್ಲಿ ಓದುವಾಗ ಬೀದಿ ಹಸುವೊಂದು ಸುಮ್ಮನೆ ತಲೆಯೆತ್ತಿ ನೋಡಿತೆಂದು ಅಂಗಡಿ ಜಗಲಿ ಹತ್ತಿ ಕೂತಿದ್ದ ಆಸಾಮಿ. ಅಂಥವರು ಈಗ ಷಿಕಾಗೊ ಪಕ್ಕದ ಊರಲ್ಲಿ ಮನೆಯ ಬೇಸ್‌ಮೆಂಟಿನ ತುಂಬ ಆಟದ ರೈಲು ಹಾಸಿಕೊಂಡು (ಅವರ ಮುಂದೆ 'ಆಟದ ರೈಲು' ಅನ್ನಬಾರದು, 'ಮಾಡೆಲ್ ರೈಲ್‌ರೋಡ್' ಅನ್ನಬೇಕು) ನಾನು ಅಲ್ಲಿಗೆ ಹೋದಾಗ ಮೂರು ವಾರದಿಂದ ಒಂದೇ ಜಪ ಹಿಡಿದಿದ್ದರು: ದನ ಸಾಗಿಸುವ ವ್ಯಾಗನ್ ಯಾವುದು ತರಲಿ?

ಅಕ್ಕನಿಗೆ ಗಂಡು ನೋಡುವಾಗ ನಾವು ಇಷ್ಟು ವಿಚಾರಿಸಿರಲಿಲ್ಲ. ವಿಚಾರಿಸಬೇಕಿತ್ತು.

"ಐದೂವರೆ ಇಂಚಿನ ಪ್ಲಾಸ್ಟಿಕ್ ಡಬ್ಬಿ ತಾನೆ, ಯಾವುದೋ ಒಂದು ತಗೊಳ್ಳಿ ಭಾವ" ಅಂದೆ. ತಪ್ಪಾಯಿತು. ಅಸಲಿನ 87ರಲ್ಲಿ ಒಂದು ಪಾಲಿನ ಅಳತೆಗೆ ಐದೂವರೆ ಇಂಚು ಅಂದರೆ ನಲವತ್ತು ಅಡಿಯದಂತೆ. ಹಳೆಯ ಮೂವತ್ತಾರು ಅಡಿಯದಾದರೆ ಐದೇ ಇಂಚು. ಗಾಳಿಯಾಡಲಿ ಅಂತ ಪಕ್ಕಕ್ಕೆಲ್ಲ ಪಟ್ಟಿ ಪಟ್ಟಿ ಸಂದು. ದನಕ್ಕೆ ಒಂದೇ ಅಂತಸ್ತು, ಕುರಿಗೂ ಹಂದಿಗೂ ಎರಡು. "ಸಂದಿಯಲ್ಲಿ ಕಣ್ಣಿಟ್ಟು ನೋಡು, ನಡುವೆ ಅಟ್ಟ ಕಾಣುತ್ತಾ?" ನನಗೆ ಕಂಡದ್ದು ಆಚೆ ಬದಿಯಲ್ಲಿ ಅವರ ಕಣ್ಣು.

ತಂದದ್ದು ಹೊಸ ವ್ಯಾಗನ್. ಅದಕ್ಕೆ ಕೆಳಗಿನ ಪಟ್ಟಿಗಳಿಗೆಲ್ಲ ತೆಳ್ಳನೆ ಬಿಳಿ ಬಣ್ಣ ಬಳಿದು ಹೊಲಸು ಮಾಡಿದರು. ದನದ ರೈಲು ಓಡುತ್ತಿದ್ದ ಕಾಲದಲ್ಲಿ ರೋಗ ಹರಡದಿರಲೆಂದು ಒಳಗೆ ಸುಣ್ಣ ಹೊಡೆಯುತ್ತಿದ್ದರಂತೆ, ಅದು ಸಂದಿಯಿಂದ ಹೊರಗೆ ಇಳಿಯುತ್ತಿತ್ತಂತೆ. "ಮನೆ ಗೋಡೆಗೆ ಸುಣ್ಣ ಹೊಡೆಸಿ ಅಂದರೆ ಕೈಯೇಳಲ್ಲ" ಅಂದಳು ಅಕ್ಕ.

ಸನ್ಯಾಸಿ ಲಂಗೋಟಿ ಕಾಯಲು ಬೆಕ್ಕು ಸಾಕಿದ, ಬೆಕ್ಕಿನ ಹಾಲಿಗೆ ಹಸು ತಂದ ಕಥೆ ಗೊತ್ತಲ್ಲ? ನಮ್ಮ ಭಾವ ಹಸು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಂದರು. ವ್ಯಾಗನ್ ಬಂದ ಮೇಲೆ ದನ ಹತ್ತಿಸಲು ಇಳಿಜಾರು ಬೇಕು, ದೊಡ್ಡಿ ಬೇಕು, ನೀರಿನ ತೊಟ್ಟಿ ಬೇಕು. ಯಾಕೆ? ಕಾನೂನು. 1873ರಲ್ಲಿ ಬಂದು 1906ರಲ್ಲಿ ಮತ್ತೆ ಬರೆದ ಅಮೆರಿಕದ ಕಾನೂನಿನಂತೆ ಜಾನುವಾರನ್ನು 28 ಗಂಟೆಗಿಂತ ಹೆಚ್ಚು ರೈಲಿನಲ್ಲಿ ಕೂಡಿಹಾಕುವಂತಿಲ್ಲ. ಇಳಿಸಿ, ಮೇವು ನೀರು ಕೊಟ್ಟು, ಐದು ಗಂಟೆ ಸುಧಾರಿಸಿಕೊಳ್ಳಲು ಬಿಡಬೇಕು. ಒಡೆಯ ಬರೆದುಕೊಟ್ಟರೆ 36 ಗಂಟೆ. ನಾನು ಗಡಿಯಾರ ಹಿಡಿದು ನೋಡಿದೆ. ಭಾವನ ರೈಲು ಒಂದು ಸುತ್ತು ಬರಲು 40 ಸೆಕೆಂಡು. ಕಾನೂನು ಮುರಿಯಬೇಕೆಂದರೆ 2,520 ಸುತ್ತು ಓಡಬೇಕು. ಆದರೂ ದೊಡ್ಡಿ ಕಟ್ಟಿದರು.

ವ್ಯಾಗನ್ ಎಂಜಿನ್ನಿನ ಬೆನ್ನಿಗೇ ಇರಬೇಕಂತೆ. ಉದ್ದದ ಗೂಡ್ಸ್ ಗಾಡಿಯಲ್ಲಿ ಬಾಲಕ್ಕೆ ಹೋದಷ್ಟೂ ಎಳೆತ ಜಗ್ಗಾಟ ಜಾಸ್ತಿ, ದನ ಮುಗ್ಗರಿಸುತ್ತದೆ. ಈ ಮಾತು ಮಾತ್ರ ನನಗೆ ಹಿಡಿಸಿತು. ಹಂಪ್ ಬಂದಾಗ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಬೇರೆ ಪುರಾವೆ ಬೇಡ.

"ದನ ಎಲ್ಲಿ?" ಅಂತ ಕೊನೆಗೆ ಅಕ್ಕನೇ ಕೇಳಿದಳು. 87ರ ಅಳತೆಯ ದನ ಅಂಗಡಿಯಲ್ಲಿ ಸಿಗುತ್ತವೆ. ಭಾವ ತಡವರಿಸಿ, "ಇದು ಖಾಲಿ ವಾಪಸ್ ಹೋಗ್ತಿರೋ ಗಾಡಿ" ಅಂದರು.

ಆ ಭಾನುವಾರ ಷಿಕಾಗೊದ ಯೂನಿಯನ್ ಸ್ಟಾಕ್ ಯಾರ್ಡ್ಸ್‌ಗೆ ಕರೆದೊಯ್ದರು. 1865ರ ಕ್ರಿಸ್‌ಮಸ್ ದಿನ ತೆರೆದ, ರೈಲುಗಳು ದೇಶದ ದನವನ್ನೆಲ್ಲ ತಂದು ಸುರಿಯುತ್ತಿದ್ದ ಆ ಕಸಾಯಿ ಸಂತೆ 1971ರಲ್ಲಿ ಮುಚ್ಚಿತು. ಅಷ್ಟರಲ್ಲಿ ಐಸ್ ತುಂಬಿದ ವ್ಯಾಗನ್ನು ಮಾಂಸವನ್ನೂ, ಲಾರಿ ದನವನ್ನೂ ಹೊತ್ತುಕೊಂಡು ಹೋಗಿಯಾಗಿತ್ತು. ಉಳಿದಿರುವುದು ಸುಣ್ಣಕಲ್ಲಿನ ಹೆಬ್ಬಾಗಿಲು, ಕಮಾನಿನ ಮೇಲೊಂದು ಕಲ್ಲಿನ ಎತ್ತಿನ ತಲೆ. ಅದರ ಕೆಳಗೆ ನಿಲ್ಲಿ, ಫೋಟೊ ತೆಗೀತೀನಿ ಅಂದೆ. ಭಾವ ಎರಡು ಹೆಜ್ಜೆ ಪಕ್ಕಕ್ಕೇ ನಿಂತರು.

ನಿನ್ನೆ ಭಾವನ ಫೋನ್ ಬಂತು. ಕೋಳಿ ಸಾಗಿಸಲು ಬೇರೆಯೇ ವ್ಯಾಗನ್ ಇತ್ತಂತೆ: ಸಾಲು ಸಾಲು ಗೂಡು, ನೋಡಿಕೊಳ್ಳುವವನಿಗೆ ಒಳಗೇ ಒಂದು ಕೋಣೆ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ, ಭಾವನ ಮುಂದೆ ಬಾತುಕೋಳಿಯ ಮಾತೆತ್ತಬೇಡಿ.