ದೀಪ ನನ್ನದು, ಊಟ ಅವಳದು

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ನಮ್ಮ ಸಿದ್ದಾಪುರದ ಹೊಲಗಳನ್ನು ನೆಲ್ಲಿನ ಗದ್ದೆಗಳನ್ನಾಗಿ ಮಾಡಿದ ಮೇಲೆ, ಆ ಯೋಜನೆಯಿಂದ ಲಾಭ ಪಡೆದವರೆಂದು ರೈತರನ್ನೂ ಅಕ್ಕಿಗಿರಣಿಯವರನ್ನೂ ದಲಾಲರನ್ನೂ ಎಣಿಸಿದವರುಂಟು. ಆದರೆ ನೀರಿನ ಕರವೆಂದು ಒಂದು ಕಾಸನ್ನೂ ತೆರದೆ ಅದರ ಫಲವನ್ನುಣ್ಣುವ ನಮ್ಮ ಪಡಸಾಲೆಯ ಜೇಡವನ್ನು ಎಣಿಸಿದವರಿಲ್ಲ.

ನೆಲ್ಲು ತೆನೆಗಟ್ಟುವ ಕಾಲಕ್ಕೆ ಗದ್ದೆಯಿಂದೆದ್ದ ಜಿಗಿಹುಳುಗಳು ಸಂಜೆಯಾಗುತ್ತಲೇ ನಮ್ಮ ದೀಪಕ್ಕೆ ಮುತ್ತುವುವು. ಅದೇ ದೀಪದ ಮಗ್ಗುಲಲ್ಲಿ, ಕತ್ತಲು ಕವಿದೊಡನೆ, ಈ ಮಹಾತಾಯಿ ಬಲೆ ನೇಯತೊಡಗುವಳು: ಮೊದಲು ಬಂಡಿಯ ಗಾಲಿಯ ಅರೆಗಳಂತೆ ನಡುವಿನಿಂದ ಚಾಚಿದ ಒಣ ಎಳೆಗಳು, ಅವುಗಳ ಮೇಲೆ ಸುತ್ತುಸುತ್ತಾಗಿ, ಅಂಟಿನ ಹನಿಗಳನ್ನು ಮುತ್ತಿನಂತೆ ಪೋಣಿಸಿದ ಇನ್ನೊಂದು ಎಳೆ. ಅನಂತರ ನಡುವೆ ತಲೆಕೆಳಗಾಗಿ ನೆಲಸಿ, ಕಾಲುಗಳನ್ನು ಎಳೆಗಳ ಮೇಲಿರಿಸಿ, ವೀಣೆಯ ತಂತಿಯನ್ನು ಪರೀಕ್ಷಿಸುವ ವಿದ್ವಾಂಸನಂತೆ ಕಂಪನಕ್ಕಾಗಿ ಕಾಯುವಳು. ಕಸ ಬಿದ್ದರೆ ಕಿತ್ತೆಸೆಯುವಳು. ಹುಳು ಒದ್ದಾಡಿದರೆ ಧಾವಿಸಿ ಬಂದು, ನೂಲಿನಿಂದ ಬಿಗಿದು, ವಿಷದ ಹಲ್ಲೂರಿ, ಜೀರ್ಣರಸವನ್ನು ಹೊರಗೇ ಸುರಿಸಿ, ಕರಗಿದ ಸಾರವನ್ನು ಬೊಚ್ಚುಬಾಯಿಯ ಅಜ್ಜಿ ಗಂಜಿ ಹೀರುವಂತೆ ಹೀರುವಳು.

ಮುಂಡಕೋಪನಿಷತ್ತಿನ ಋಷಿಯು ಅಕ್ಷರಬ್ರಹ್ಮದಿಂದ ಜಗತ್ತು ಹುಟ್ಟುವ ಬಗೆಯನ್ನು ಹೇಳುವಾಗ, ನೂಲನ್ನು ಹೊರತೆಗೆದು ಮರಳಿ ಒಳಗೊಳ್ಳುವ ಊರ್ಣನಾಭಿಯನ್ನು ಉಪಮಾನವಾಗಿ ತಂದಿರುವನು. ನಸುಕಿನಲ್ಲಿ ನಮ್ಮ ಜೇಡವು ಬಲೆಯನ್ನು ಸುತ್ತಿ ಉಂಡೆಮಾಡಿ ನುಂಗುವುದನ್ನು ಕಣ್ಣಾರೆ ಕಂಡಂದು, ಋಷಿಯೂ ನನ್ನಂತೆಯೇ ನಿದ್ದೆಗೆಟ್ಟವನಿರಬೇಕೆಂದು ನನಗೆ ಸಮಾಧಾನವಾಯಿತು.

ಆದರೂ ಒಂದು ರಾತ್ರಿ ಜಿಗಿಹುಳುಗಳ ಮೇಲೆ ಕರುಣೆ ಉಕ್ಕಿ, ಅಮಾಯಕರನ್ನು ಮೋಸದಿಂದ ಸೆಳೆದು ಕೊಲ್ಲುವ ಈ ದುಷ್ಟಳನ್ನು ಇನ್ನು ಸೈರಿಸಲಾಗದೆಂದು ಧರ್ಮೋಪದೇಶ ಮಾಡಿ, ಕಸಬರಿಗೆ ತಾರೆಂದು ಮನೆಯಾಕೆಗೆ ಅಪ್ಪಣೆ ಕೊಟ್ಟೆನು. ಅವಳು ಅಕ್ಕಿ ಹಸನು ಮಾಡುತ್ತಿದ್ದ ಮೊರದಿಂದ ತಲೆಯೆತ್ತದೆಯೇ ಹೇಳಿದಳು:

“ಅಕಿ ಎಲ್ಲಿ ಸೆಳದಾಳ್ರೀ? ಸುಮ್ನ ಕುಂತಾಳ. ದೀಪಾ ಹಚ್ಚಿ ಕರದಾವ್ರು ನೀವು, ಉಣ್ಣಾಕಿ ಅಕಿ. ಕಸಬರಿಗಿ ಯಾರಿಗೆ ತರ್ಲಿ?”

ತರ್ಕವನ್ನು ಓದಿದ ನನಗೆ ಉತ್ತರ ಹೊಳೆಯಲಿಲ್ಲ. ದೀಪವನ್ನು ಆರಿಸೋಣವೆಂದರೆ ಕೈಯಲ್ಲಿದ್ದ ಪುಸ್ತಕ ಇನ್ನೂ ಅರ್ಧ ಉಳಿದಿತ್ತು. ಆ ತಿಂಗಳ ವಿದ್ಯುತ್ ಬಿಲ್ಲನ್ನು ಮಾತ್ರ, ಕೊಲೆಯಲ್ಲಿ ಸಹಭಾಗಿಯಾದವನು ತೆರುವ ದಂಡವೆಂದು ಬಗೆದು, ಎಂದಿನಂತೆ ಗೊಣಗದೆ ಕಟ್ಟಿಬಂದೆನು.