ಮೈಕ್ ಹಿಡಿದ ಮ್ಯಾನೇಜರೂ ಎಂಕಾ ಹಾಡೂ

ಟೋಕಿಯೋದ ಕರೋಕೆ ಕೋಣೆಯಲ್ಲಿ ಎರಡು ಗ್ಲಾಸ್ ಬಿಯರ್ ಇಳಿಸಿ, ಐವತ್ತು ದಾಟಿದ ಮ್ಯಾನೇಜರು ಮೈಕ್ ಹಿಡಿದರೆಂದರೆ ಎಂಕಾ ಎಂಬ ಜಪಾನಿ ಭಾವಗೀತೆ ಬಂತೆಂದೇ ಲೆಕ್ಕ. ಬಂದರು, ಹಿಮ, ಸಾಕೆ ಎಂಬ ಅಕ್ಕಿಮದ್ಯ, ಕೈಕೊಟ್ಟ ಪ್ರೇಮಿ: ಇವುಗಳಲ್ಲಿ ಎರಡಾದರೂ ಇಲ್ಲದೆ ಎಂಕಾಕ್ಕೆ ಸಮಾಧಾನವಿಲ್ಲ.

ಎಲ್ಲರೂ ಮುಗಿಬೀಳುವುದು ಗಾಯಕಿ ಇಶಿಕಾವಾ ಸಯೂರಿಯ 1977ರ ‘ತ್ಸುಗರು ಕೈಕ್ಯೊ ಫುಯುಗೆಶಿಕಿ’ಗೆ. ಹಾಡಿನ ನಾಯಕಿ ಟೋಕಿಯೋದ ಉಯೆನೊ ನಿಲ್ದಾಣದಿಂದ ರಾತ್ರಿ ರೈಲು ಹಿಡಿದು, ಉತ್ತರದ ಅಓಮೊರಿಯಲ್ಲಿಳಿದು, ಕೊರೆಯುವ ಚಳಿಯಲ್ಲಿ ಹೊಕ್ಕೈಡೊ ದ್ವೀಪದ ಕಡೆಯ ಫೆರಿ ಹತ್ತುತ್ತಾಳೆ. 1988ರಲ್ಲಿ ಅದೇ ಸಮುದ್ರದಡಿ ಸೇಕಾನ್ ರೈಲು ಸುರಂಗ ತೆರೆಯಿತು, ರೈಲ್ವೆಯ ಆ ಫೆರಿಯೇ ನಿಂತುಹೋಯಿತು. ಪಾಪ, ಅವಳಿಗೆ ಈ ಸುದ್ದಿ ಯಾರೂ ಮುಟ್ಟಿಸಿಲ್ಲ. ಟೈ ಸಡಿಲಿಸಿದ ಅಕೌಂಟೆಂಟುಗಳ ಗಂಟಲಲ್ಲಿ ದಿನಾ ರಾತ್ರಿ ಅಳುತ್ತಾ ಹತ್ತುತ್ತಲೇ ಇದ್ದಾಳೆ.

ಎಂಕಾದ ಎಷ್ಟೋ ಮಟ್ಟುಗಳಲ್ಲಿ ಮಧ್ಯಮ, ನಿಷಾದಗಳಿಗೆ ರಜೆ. ನಮ್ಮ ಮೋಹನ ರಾಗದಲ್ಲೂ ಅಷ್ಟೇ, ಹಾಗಾಗಿ ಅದನ್ನು ಕಲಿತ ನಮ್ಮವರಿಗೆ ಕೆಲವು ಹಾಡು ಅರ್ಧ ಕೈವಶವಾದಂತೆಯೇ. ಉಳಿದರ್ಧ ‘ಕೊಬುಶಿ’, ಅಂದರೆ ಸ್ವರವನ್ನು ಗಂಟಲಲ್ಲೇ ಗಿರಕಿ ಹೊಡೆಸುವ ಕಸರತ್ತು. ಕರೋಕೆಯಲ್ಲಿ ಅಂಕ ಹಾಕುವ ಯಂತ್ರ ಅದನ್ನೂ ಎಣಿಸುತ್ತದೆ. ನಮ್ಮ ಸಂಗೀತದ ಮೇಷ್ಟ್ರಾದರೂ ಒಮ್ಮೊಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು!

ಗಂಟಲು ಬಾಗದವರಿಗೆ ಗಾಯಕ ಕಿತಾಜಿಮಾ ಸಬುರೊ ಅವರ ‘ಮತ್ಸುರಿ’ಯೇ ಗತಿ. ಜಾತ್ರೆಯ ಹಾಡು, ಎದೆ ತುಂಬಿ ಕೂಗಿದರಾಯಿತು. ತಮ್ಮ ಕುದುರೆ ಕಿತಾಸನ್ ಬ್ಲ್ಯಾಕ್ ಗೆದ್ದಾಗ ಆ ಪುಣ್ಯಾತ್ಮ ರೇಸ್‌ಕೋರ್ಸಿನಲ್ಲೇ ಇದನ್ನು ಹಾಡಿಬಿಟ್ಟರು.

ಸಯೂರಿಯದೇ ‘ಅಮಗಿಗೊಯೆ’ (1986) ಮಾತ್ರ ಅಪಾಯಕಾರಿ. ನಿನ್ನನ್ನು ಬೇರೊಬ್ಬಳಿಗೆ ಬಿಡುವುದಕ್ಕಿಂತ ಕೊಲ್ಲುವುದೇ ವಾಸಿ ಎಂಬ ಧಾಟಿಯ ಹಾಡದು. ಹೆಂಡತಿ ಅದನ್ನೇ ಆರಿಸಿ, ನಿಮ್ಮತ್ತಲೇ ನೋಡುತ್ತಾ ಶುರುಮಾಡಿದರೆ, ಬಿಲ್ ಕೊಡುವ ನೆಪದಲ್ಲಿ ಮೆಲ್ಲಗೆ ಎದ್ದುಬಿಡಿ.