ಅರ್ಧ ಮಿಲಿಮೀಟರ್ ಹೊಳಪು

ಹಳೆಯ ಫೈಬರ್ ದೋಣಿಗೆ ಯಾವತ್ತೂ ಒರಗಿ ನಿಲ್ಲಬೇಡಿ. ಗಾಢ ಬಣ್ಣದ ಅಂಗಿ ತೊಟ್ಟಿದ್ದರಂತೂ ಅದರ ಹತ್ತಿರವೂ ಸುಳಿಯಬೇಡಿ. ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಗಂಗೊಳ್ಳಿ ಕಡೆಯಿಂದ ನೀಲಿ ಬಣ್ಣದ ಪುಟ್ಟ ದೋಣಿಯೊಂದನ್ನು ಅಗ್ಗಕ್ಕೆ ಕೊಂಡು, ಪಂಚಗಂಗಾವಳಿಯ ದಡದಲ್ಲಿರುವ ತಮ್ಮ ತೆಂಗಿನ ತೋಟದಲ್ಲಿ ತಂದು ಕೂರಿಸಿದ್ದರು. ನೀಲಿ ಎಂದದ್ದು ಮಾರಿದವರ ಮಾತು. ನನ್ನ ಕಣ್ಣಿಗೆ ಕಂಡದ್ದು ಬೂದಿ. ದೋಣಿಯ ಬಗ್ಗೆ ಏನೂ ತಿಳಿಯದವರು ಮಾಡುವ ಹಾಗೆ ನಾನು ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ, ಬೆನ್ನೊರಗಿಸಿ ನಿಂತು, ಗಂಭೀರವಾಗಿ ‘ಅಡ್ಡಿಲ್ಲ’ ಎಂದು ಸರ್ಟಿಫಿಕೇಟ್ ಕೊಟ್ಟೆ. ಮನೆಗೆ ಬಂದರೆ ಹೆಂಡತಿ ನನ್ನ ಬೆನ್ನು ನೋಡಿ, “ರಿಟೈರ್ ಆದ್ ಮೇಲೆ ಯಾವ್ ಶಾಲಿ ಬೋರ್ಡಿಗ್ ಒರ್ಗಿ ಬಂದ್ರಿ?” ಎಂದಳು. ಬೆನ್ನಿಡೀ ಬಿಳಿ ಪುಡಿ! ವಿಜ್ಞಾನದ ಮೇಷ್ಟ್ರಾಗಿದ್ದಾಗ ತೋಳಿಗೆ, ಎದೆಗೆ ಮಾತ್ರ ಆಗುತ್ತಿದ್ದ ಶೃಂಗಾರ ಈಗ ಹಿಂದಕ್ಕೂ ಬಂದಿತ್ತು.

ಆ ಪುಡಿಯನ್ನು ಧೂಳೆಂದು ಕೊಡವಿದರೆ ಹೋಗುವುದಿಲ್ಲ. ಅದು ದೋಣಿಯ ಮೈಯಿಂದಲೇ ಉದುರಿದ್ದು. ಫೈಬರ್ ದೋಣಿಯ ಹುಟ್ಟೇ ಒಂದು ಸೋಜಿಗ. ಅಲ್ಲಿ ಬಣ್ಣ ಮೊದಲು, ದೋಣಿ ಆಮೇಲೆ. ದೋಣಿಯಾಕಾರದ ಅಚ್ಚಿನ ಒಳಮೈಯನ್ನು ಚೆನ್ನಾಗಿ ನುಣುಪು ಮಾಡಿ, ವ್ಯಾಕ್ಸ್ ಹಚ್ಚಿ, ಅದರ ಮೇಲೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಸಿಂಪಡಿಸುತ್ತಾರೆ. ಇದೇ ಜೆಲ್‌ಕೋಟ್. ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಅದು ಬಿಗಿದುಕೊಂಡ ಮೇಲೆ ಗಾಜಿನ ನಾರಿನ ಹಾಸು, ಮತ್ತೆ ರೆಸಿನ್, ಮತ್ತೆ ಹಾಸು ಎಂದು ಪದರದ ಮೇಲೆ ಪದರ ಕೂರಿಸಿ, ಗಾಳಿಗುಳ್ಳೆ ಹೋಗುವಂತೆ ರೋಲರ್ ಓಡಿಸುತ್ತಾರೆ. ಎಲ್ಲ ಗಟ್ಟಿಯಾದ ಮೇಲೆ ಅಚ್ಚಿನಿಂದ ಎಬ್ಬಿಸಿದರೆ ದೋಣಿ ಥಳಥಳಿಸುತ್ತ ಹೊರಗೆ ಬರುತ್ತದೆ. ಆ ಥಳಕು ಅಚ್ಚಿನ ನುಣುಪಿನಿಂದ ಎರವಲು ಪಡೆದದ್ದು. ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ ಎಂಬವರು 1942ರಲ್ಲಿ ಗಾಜಿನ ನಾರಿಗೆ ಪಾಲಿಯೆಸ್ಟರ್ ಕೂಡಿಸಿ ದೋಣಿ ಮಾಡಿದರು. ಗಾಜಿನಲ್ಲಿ ದೋಣಿಯೇ ಎಂದು ಅವರ ಊರಲ್ಲೂ ಯಾರಾದರೂ ಕಟ್ಟೆ ಮೇಲೆ ಕೂತು ನಕ್ಕಿರಬೇಕು. ಈಗ ನಮ್ಮ ಕರಾವಳಿಯಲ್ಲಿ ಮೀನಿಗೆ ಹೋಗುವ ನಾಡದೋಣಿಯಿಂದ ಪ್ರವಾಸಿಗಳನ್ನು ಕೂರಿಸಿಕೊಳ್ಳುವ ದೋಣಿಯವರೆಗೆ ಎಲ್ಲೆಲ್ಲೂ ಫೈಬರೇ.

ಈ ಅರ್ಧ ಮಿಲಿಮೀಟರಿಗೆ ಪರಮ ವೈರಿ ಸೂರ್ಯದೇವ. ಅವನ ಅತಿನೇರಳೆ ಕಿರಣಗಳು ಮೇಲ್ಮೈಯ ರೆಸಿನ್ನಿನ ಸರಪಳಿಗಳನ್ನು ಒಂದೊಂದಾಗಿ ಕಡಿಯುತ್ತವೆ. ಉಪ್ಪುಗಾಳಿ, ಸೆಕೆ, ತೇವ ಎಲ್ಲ ಸೇರಿ ಮಿಕ್ಕ ಕೆಲಸ ಮುಗಿಸುತ್ತವೆ. ಹಿಡಿದಿಟ್ಟುಕೊಳ್ಳುವ ರೆಸಿನ್ ಸಡಿಲವಾದ ಮೇಲೆ ಬಣ್ಣದ ಕಣಗಳು ಅನಾಥವಾಗಿ ಪುಡಿಯಾಗಿ ನಿಲ್ಲುತ್ತವೆ, ಯಾರದಾದರೂ ಬೆನ್ನು ಸಿಕ್ಕರೆ ಹತ್ತಿ ಕೂರುತ್ತವೆ. ಬಿಳಿ ದೋಣಿಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕೆಂಪು, ನೀಲಿಗಳಲ್ಲಿ ಮಾನ ಹರಾಜಾಗುತ್ತದೆ.

ಪಂಚಗಂಗಾವಳಿಯೆಂದರೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಖೇಟಾ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಕಡಲಿಗೆ ಸೇರುವ ಜಾಗ. ಅಲ್ಲಿ ಸಲಹೆಗಳೂ ಐದು ದಿಕ್ಕಿನಿಂದ ಹರಿದು ಬರುತ್ತವೆ. ಒಬ್ಬರು ತೆಂಗಿನೆಣ್ಣೆ ತಿಕ್ಕಿ ಎಂದರು. ಭಾವ ತಡಮಾಡದೆ ಒಂದು ಬದಿಗೆ ತಿಕ್ಕಿಯೇ ಬಿಟ್ಟರು. ಬೆಳಿಗ್ಗೆ ಮದುಮಗನ ಕಳೆ ಬಂತು. ಮಧ್ಯಾಹ್ನದೊಳಗೆ ತೋಟದ ಧೂಳೆಲ್ಲ ಅಂಟಿ, ಸಂಜೆ ಹೊತ್ತಿಗೆ ಇರುವೆಗಳ ಮೆರವಣಿಗೆ ಹೊರಟಿತು. ಇನ್ನೊಬ್ಬರು ಟಯರಿಗೆ ಹಚ್ಚುವ ಪಾಲಿಶು ಅಂದರು. ಮತ್ತೊಬ್ಬರು ಹಲ್ಲುಜ್ಜುವ ಪೇಸ್ಟು ಅಂದರು; ಅಷ್ಟುದ್ದ ದೋಣಿಗೆ ಎಷ್ಟು ಟ್ಯೂಬು ಬೇಕೆಂಬ ಲೆಕ್ಕ ಮಾತ್ರ ನಮಗೆ ಬಿಟ್ಟರು. ಎಲ್ಲರಿಗಿಂತ ಹಠ ಹಿಡಿದವರು ಭಾವನೇ. “ಭಾವ, ಇದೆಲ್ಲ ಎಂತಕ್ಕೆ? ಒಂದ್ ಡಬ್ಬಿ ಎನಾಮಲ್ ಪೈಂಟ್ ತಂದ್ ಹೊಡ್ದ್ ಬಿಡುವ” ಎಂದು ಬ್ರಶ್ಶು ಹಿಡಿದೇ ಬಂದರು. ಪುಡಿಯ ಮೇಲೆ ಬಳಿದ ಬಣ್ಣ ಪುಡಿಯ ಜೊತೆಗೇ ಎದ್ದು ಬರುತ್ತದೆ. ಸರಿಯಾಗಿ ತಿಕ್ಕಿ, ಪ್ರೈಮರ್ ಕೊಟ್ಟು ಹೊಡೆದರೂ ಒಂದು ಸಲ ಬಣ್ಣಕ್ಕೆ ಬಿದ್ದ ದೋಣಿಗೆ ಆಮೇಲೆ ಬಣ್ಣವೇ ಗತಿ.

ಹೀಗೆ ವಾದ ಜೋರಾಗಿ ನಡೆಯುತ್ತಿದ್ದಾಗ ಹೊಳೆಯಲ್ಲೇ ತಲೆ ಹಣ್ಣಾದ ಅಜ್ಜರೊಬ್ಬರು ಬೀಡಿ ಎಸೆದು ಎದ್ದು ಬಂದರು. “ಹ್ವಾಯ್ ಮಾಷ್ಟ್ರೆ, ಮೊದ್ಲ್ ನೀರ್ ಹೊಯ್ದ್ ಕಾಣಿ” ಎಂದರು. ಒಂದು ಚೆಂಬು ನೀರು ಹೊಯ್ದೆವು. ನೀರು ಹರಿದಲ್ಲೆಲ್ಲ ಬೂದಿ ಮಾಯವಾಗಿ ಗಟ್ಟಿ ನೀಲಿ ಎದ್ದು ನಿಂತಿತು! ಆರಿದ ಮೇಲೆ ಮತ್ತೆ ಬೂದಿ. “ಅಡಿಗ್ ಬಣ್ಣ ಇತ್ತ್. ಹೆದ್ರ್‌ಬೇಡಿ” ಎಂದು ಅಜ್ಜ ಹೋಗಿ ಕೂತರು. ನನ್ನೊಳಗಿನ ಮೇಷ್ಟ್ರು ಥಟ್ಟನೆ ಎದ್ದ. ನುಣುಪು ಮೈ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ, ನಾವು ಅದನ್ನು ಹೊಳಪು ಅನ್ನುತ್ತೇವೆ. ಮೈ ತುಂಬ ಕಣ್ಣಿಗೆ ಕಾಣದ ಹೊಂಡಗಳಾದಾಗ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ನಮಗೆ ಬೂದಿ ಕಾಣುತ್ತದೆ. ನೀರು ಆ ಹೊಂಡಗಳನ್ನು ತುಂಬಿ ಸ್ವಲ್ಪ ಹೊತ್ತು ಮೈಯನ್ನು ಸಪಾಟು ಮಾಡುತ್ತದೆ, ಬಣ್ಣ ಮರಳುತ್ತದೆ. ಇದನ್ನೆಲ್ಲ ನಾನು ಕೈಯಾಡಿಸಿ ವಿವರಿಸುತ್ತಿದ್ದಾಗ ಕೇಳುತ್ತಿದ್ದದ್ದು ಪಕ್ಕದ ಮನೆಯ ದನವೊಂದೇ. ಅದೂ ಪ್ರಶ್ನೋತ್ತರದ ಹೊತ್ತಿಗೆ ಎದ್ದು ಹೋಯಿತು.

ಕೊನೆಗೆ ಕೆಲಸಕ್ಕೆ ಸಿಕ್ಕಿದ್ದು ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನ ಹುಡುಗ. ಭಾವ ಟೈಲ್ಸ್ ಕೊಯ್ಯುವವರ ಹತ್ತಿರ ಗ್ರೈಂಡರ್ ಎರವಲು ತಂದು ಸಿದ್ಧವಾಗಿಟ್ಟಿದ್ದರು. ಹುಡುಗ ಅದನ್ನು ನೋಡಿ ಕೈಮುಗಿದ. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲೆ ಸುತ್ತುವ ಯಂತ್ರ. ಅಷ್ಟು ವೇಗಕ್ಕೆ ಜೆಲ್‌ಕೋಟ್ ಬಿಸಿಯಾಗಿ ಸುಟ್ಟೇ ಹೋಗುತ್ತದೆ. ಅವನ ಬಫಿಂಗ್ ಮಿಷನ್ನು ಸಾವಿರ, ಒಂದೂವರೆ ಸಾವಿರ ಸುತ್ತಿಗೇ ತೃಪ್ತಿಪಡುವ ಸಾತ್ವಿಕ. ಬಿಸಿಲಲ್ಲಿ ಕೆಲಸ ಕೂಡದು, ಮೈ ಕಾದರೆ ಕಂಪೌಂಡು ಒಣಗಿ ಕೂರುತ್ತದೆ ಎಂದ. ತೆಂಗಿನ ಮರದ ನೆರಳಿಗೆ ಜಗ್ಗಿದೆವು. ಮೇಲೆ ಬಲಿತ ಕಾಯಿಗಳನ್ನು ನೋಡಿ ನಾನು ಮೇಲ್ವಿಚಾರಣೆಯನ್ನು ತುಸು ದೂರದಿಂದಲೇ ನಡೆಸಿದೆ.

ಮೊದಲು ಸೋಪು ನೀರು. ಹೊಳೆನೀರು ಕೂರಿಸಿದ್ದ ಹಳದಿ ಕಲೆಗೆ, ಕಬ್ಬಿಣದ ಬಳೆಯ ಕೆಳಗೆ ಇಳಿದಿದ್ದ ತುಕ್ಕಿನ ಗೀಟಿಗೆ ತೆಳು ಆಕ್ಸಾಲಿಕ್ ಆಸಿಡ್, ಕೈಗೆ ಗ್ಲೌಸ್. ಆಮೇಲೆ ಮೂಲೆಯಲ್ಲಿ ಒಂದು ಚದರ ಅಡಿ ಜಾಗ ಗುರುತು ಹಾಕಿ ಬರೀ ಕಂಪೌಂಡ್ ತಿಕ್ಕಿ ನೋಡಿದ. ಸಣ್ಣ ಮಂಕಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಮ್ಮದು ಮುಗಿಯಲಿಲ್ಲ, ವಾಟರ್ ಪೇಪರ್ ಬೇಕಾಯಿತು. 800ರಿಂದ ಶುರು, ಆಮೇಲೆ 1000, 1500, ಕೊನೆಗೆ 2000. ನಂಬರು ಏರಿದಷ್ಟೂ ಪೇಪರು ನಯ. ಒಂದನ್ನು ಉದ್ದಕ್ಕೆ ಎಳೆದರೆ ಮುಂದಿನದನ್ನು ಅಡ್ಡಕ್ಕೆ. ಉದ್ದದ ಗೀರುಗಳು ಒಂದೂ ಉಳಿಯದಿದ್ದಾಗ ಅಡ್ಡದ ಪೇಪರಿನ ಕೆಲಸ ಆಯಿತೆಂದು ಲೆಕ್ಕ. ಹುಡುಗ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಎಡಗೈಯಲ್ಲಿ ನೀರು ಚಿಮ್ಮಿಸುತ್ತ ಬಲಗೈಯಲ್ಲಿ ತಿಕ್ಕುತ್ತಿದ್ದ. ಮೊದಮೊದಲು ಇಳಿದ ನೀರು ಬೆಳ್ಳಗೆ ಮಂದವಾಗಿತ್ತು, ಸತ್ತ ಪದರ ಹೊರಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ನೀರಲ್ಲಿ ತಿಳಿ ನೀಲಿ ಕಂಡಿತು. ಹುಡುಗ ಥಟ್ಟನೆ ಕೈ ತೆಗೆದ. “ಸಾಕ್ ಮಾಷ್ಟ್ರೆ. ಇನ್ನ್ ತಿಕ್ಕಿರೆ ಒಳ್ಳೇದೇ ಹೋತ್ತ್” ಎಂದ.

ಈ ಕೆಲಸದ ಕೀಲಿ ಇರುವುದು ಆ ‘ಸಾಕು’ ಎಂಬಲ್ಲಿ. ಹೊಳಪೆಂದರೆ ನಮ್ಮ ಮನೆಗಳಲ್ಲಿ ದೇವರ ಕೋಣೆಯ ಹಿತ್ತಾಳೆ ದೀಪ. ಹುಣಸೆಹುಳಿ ಹಾಕಿ ನಮ್ಮ ಅಜ್ಜಿ ತಿಕ್ಕಿದರು, ಅಮ್ಮ ತಿಕ್ಕಿದರು, ಈಗ ಸೊಸೆ ತಿಕ್ಕುತ್ತಾಳೆ. ದೀಪ ಸವೆದು ಹೋಯಿತೆಂದು ಯಾರೂ ದೂರಿಲ್ಲ, ಒಳಗೂ ಹೊರಗೂ ಅದು ಹಿತ್ತಾಳೆಯೇ. ಜೆಲ್‌ಕೋಟಿನ ಸಂಪತ್ತು ಮಾತ್ರ ಅರ್ಧ ಮಿಲಿಮೀಟರ್. ಪ್ರತಿ ಸಲ ತಿಕ್ಕಿದಾಗಲೂ ಅದರಲ್ಲೇ ಒಂದಿಷ್ಟು ಖರ್ಚು. ಅಂಚುಗಳಲ್ಲಿ, ಮೂಲೆಗಳಲ್ಲಿ ಯಂತ್ರದ ಒತ್ತಡ ಹೆಚ್ಚು ಬೀಳುವುದರಿಂದ ಮೊದಲು ತೂತು ಬೀಳುವುದೂ ಅಲ್ಲೇ. ಜೆಲ್‌ಕೋಟ್ ಮುಗಿದರೆ ಗಾಜಿನ ನಾರಿನ ನೇಯ್ಗೆ ಕಣ್ಣಿಗೆ ಹೊಡೆಯುತ್ತದೆ, ನೀರು ಒಳಗಿಳಿಯಲು ದಾರಿ ಸಿಗುತ್ತದೆ. ಆಮೇಲೆ ಯಾವ ಪಾಲಿಶಿಗೂ ಬಗ್ಗುವುದಿಲ್ಲ. ಅದಕ್ಕೇ ಹುಡುಗ ಅಂಚಿಗೆಲ್ಲ ಟೇಪು ಅಂಟಿಸಿ, ಅಲ್ಲಿ ಬರೀ ಕೈಯಲ್ಲೇ ತಿಕ್ಕಿದ.

ಪೇಪರಿನ ಕೆಲಸ ಮುಗಿದಾಗ ದೋಣಿ ಮೊದಲಿಗಿಂತಲೂ ಮಂಕಾಗಿ ಕಂಡಿತು. ಭಾವನ ಮುಖವೂ ಹಾಗೇ ಆಯಿತು. ಬ್ರಶ್ಶು ಮತ್ತೆ ಅವರ ಕೈಗೆ ಬಂತು. ಅಷ್ಟರಲ್ಲಿ ಹುಡುಗ ಮಿಷನ್ನಿಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿ, ರಬ್ಬಿಂಗ್ ಕಂಪೌಂಡನ್ನು ದೋಣಿಯ ಮೈಗೆ ಬೊಟ್ಟುಬೊಟ್ಟಾಗಿ ಇಟ್ಟು, ಮಿಷನ್ ನಿಂತಿದ್ದಾಗಲೇ ಪ್ಯಾಡಿನಿಂದ ಅದನ್ನು ಸವರಿದ. ಮೊದಲೇ ಓಡಿಸಿದ್ದರೆ ಅಷ್ಟೂ ನಮ್ಮ ಮುಖಕ್ಕೆ ಸಿಡಿಯುತ್ತಿತ್ತು. ಆಮೇಲೆ ನಿಧಾನವಾಗಿ, ಒಂದೇ ಕಡೆ ನಿಲ್ಲದೆ, ಎರಡಡಿ ಜಾಗದಲ್ಲಿ ಅತ್ತಿತ್ತ ಓಡಿಸಿದ. ಆಗಾಗ ನಿಲ್ಲಿಸಿ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಬನಿಯನ್ ಬಟ್ಟೆಯಲ್ಲಿ ಒರೆಸಿದಾಗ ಆ ಎರಡಡಿಯಲ್ಲಿ ತೆಂಗಿನ ಗರಿ, ಆಕಾಶ, ಬ್ರಶ್ಶು ಹಿಡಿದ ಭಾವ, ಎಲ್ಲ ಸ್ಪಷ್ಟವಾಗಿ ಕಂಡವು. ಭಾವ ಬ್ರಶ್ಶು ಕೆಳಗಿಟ್ಟು ಮೀಸೆ ಸರಿಮಾಡಿಕೊಂಡರು.

ಇಷ್ಟಕ್ಕೇ ಬಿಟ್ಟರೆ ಬಿಸಿಲು ಮಾರನೆಯ ದಿನದಿಂದಲೇ ತನ್ನ ವಸೂಲಿ ಶುರುಮಾಡುತ್ತದೆ. ಮೇಲೊಂದು ವ್ಯಾಕ್ಸ್ ಬೇಕು. ಒಳ್ಳೆಯ ವ್ಯಾಕ್ಸ್ ಪಾಲಿಶುಗಳಲ್ಲಿ ಇರುವುದು ಕಾರ್ನೌಬ. ಈಶಾನ್ಯ ಬ್ರೆಜಿಲ್‌ನ ಒಣನೆಲದಲ್ಲಿ ಬೆಳೆಯುವ ತಾಳೆ ಜಾತಿಯ ಮರವದು. ಬಿಸಿಲಿಗೆ ಎಲೆಯ ನೀರು ಆವಿಯಾಗಿ ಹೋಗದಿರಲೆಂದು ಮರ ತಾನೇ ಎಲೆಗೆ ಮೇಣ ಲೇಪಿಸಿಕೊಳ್ಳುತ್ತದೆ. ಅಲ್ಲಿನ ಜನ ಎಲೆ ಕಡಿದು, ಒಣಗಿಸಿ, ಬಡಿದು ಆ ಮೇಣ ಉದುರಿಸುತ್ತಾರೆ. 80 ಡಿಗ್ರಿ ಸೆಲ್ಸಿಯಸ್ ದಾಟಿದರೂ ಒಮ್ಮೆಗೇ ಕರಗದ ಗಟ್ಟಿ ಮೇಣ. ಮಾತ್ರೆಗೆ, ಮಿಠಾಯಿಗೆ, ಕಾರಿಗೆ, ಈಗ ಭಾವನ ದೋಣಿಗೆ.

ನನಗೆ ತಮಾಷೆಯೆನಿಸಿದ್ದು ಬೇರೆ. ಮರದ ದೋಣಿಗಳ ಕಾಲದಲ್ಲಿ ನಮ್ಮವರು ಮೈಗೆ ಬಳಿಯುತ್ತಿದ್ದದ್ದು ಬೂತಾಯಿ ಮೀನಿನ ಎಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ. ದೋಣಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತಿತ್ತು. ಆ ಗೇರು ನಮ್ಮದೆಂದು ನಾವು ಎದೆತಟ್ಟಿಕೊಂಡರೂ ಅದು ಪೋರ್ಚುಗೀಸರ ಜೊತೆ ಹಡಗು ಹತ್ತಿ ಬಂದದ್ದು, ತವರು ಅದೇ ಈಶಾನ್ಯ ಬ್ರೆಜಿಲ್. ಆಗ ಗೇರೆಣ್ಣೆ, ಈಗ ಕಾರ್ನೌಬ. ನಮ್ಮ ದೋಣಿಗಳಿಗೆ ಬ್ರೆಜಿಲ್ಲಿನ ಋಣ ಇನ್ನೂ ತೀರಿಲ್ಲ.

ಆದರೆ ಆ ಹಳಬರು ಎಣ್ಣೆಯೊಂದನ್ನೇ ನಂಬಿ ಕೂತವರಲ್ಲ. ಮಳೆಗಾಲ ಬಂತೆಂದರೆ ದೋಣಿಯನ್ನು ದಡಕ್ಕೆಳೆದು ಮಡಲು ಹೊದಿಸುತ್ತಿದ್ದರು. ಬೇಸಗೆಯಲ್ಲೂ ಮರ ಬಿರಿಯದಿರಲೆಂದು ನೆರಳು ಮಾಡುತ್ತಿದ್ದರು. ಫೈಬರ್ ಬಂದ ಮೇಲೆ ನಾವು ಅದನ್ನು ಬಿಟ್ಟೆವು, ಇದಕ್ಕೇನಾಗುತ್ತದೆ ಮಹಾ ಎಂಬ ಧೈರ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟುಗಳಿಗೆ ರಿಪೇರಿ, ಬಣ್ಣ ಎಲ್ಲ ಆಗುತ್ತದೆ. ಮಿಕ್ಕ ತಿಂಗಳು ಹೊಳೆದಡದಲ್ಲಿ ಸುಮ್ಮನೆ ಕೂತ ಪುಟ್ಟ ದೋಣಿಗಳಿಗೆ ಬಿಸಿಲೇ ಹಾಸು, ಬಿಸಿಲೇ ಹೊದಿಕೆ. ವ್ಯಾಕ್ಸಾದರೂ ಎಷ್ಟು ದಿನ? ನಮ್ಮ ಬಿಸಿಲಿಗೆ ಕೆಲವು ತಿಂಗಳು, ಆಮೇಲೆ ಮತ್ತೆ ಹಚ್ಚಬೇಕು.

ಹಾಗಾಗಿ ದೋಣಿ ಇರುವ ಮಹಾಶಯರಲ್ಲಿ, ಕೊಳ್ಳಬೇಕೆಂದಿರುವ ಉತ್ಸಾಹಿಗಳಲ್ಲಿ ಒಂದು ಅರಿಕೆ. ದೋಣಿಗೆ ಮೊದಲು ನಾಲ್ಕು ಕಂಬ ನೆಟ್ಟು ಮಡಲಿನ ಚಪ್ಪರ ಹಾಕಿಸಿ. ಟಾರ್ಪಾಲಾದರೆ ಮೈಗೆ ಅಂಟಿಸಿ ಬಿಗಿಯಬೇಡಿ, ನಡುವೆ ಗಾಳಿಯಾಡಲಿ. ವರ್ಷಕ್ಕೆರಡು ಸಲ ವ್ಯಾಕ್ಸ್ ಹಚ್ಚಿ. ತಿಕ್ಕುವ ಉಮೇದು ಬಂದಾಗ ಒಂದು ಬೆರಳು ಸವರಿ ನೋಡಿ. ಪುಡಿ ಬಾರದಿದ್ದರೆ ವಾಟರ್ ಪೇಪರನ್ನು ಕಪಾಟಿನಲ್ಲೇ ಬಿಟ್ಟು, ಮನೆಗೆ ಹೋಗಿ ಗಂಜಿಯೂಟ ಮಾಡಿ ಮಲಗಿ. ದೋಣಿಗೂ ಅದೇ ಒಳ್ಳೆಯದು.